ಹನ್ನೊಂದನೆಯ ಸಲಹೆ

ಮೊನ್ನೆ ಆಸ್ಟಿನ್ನಿನಿಂದ ನಾಝಿಯಾ ಒಂದು ಮೆಸೇಜು ಕಳಿಸಿದಳು. ಬಳ್ಳಾರಿಯ ಹುಡುಗಿ, ಇಲ್ಲಿ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಡಿಸೆಂಬರ್ ರಜೆಗೆ ಮೂವರು ಗೆಳತಿಯರ ಜೊತೆ ನಾರ್ವೆಗೆ ಹೊರಟಿದ್ದಾಳೆ. ‘ಆಂಟಿ, ಇದು ಯಾರೋ ಫಾರ್ವರ್ಡ್ ಮಾಡಿದ್ದು. ನೀವು ನಾರ್ವೆ ನೋಡಿದೀರಂತಲ್ಲ, ಇದ್ರಲ್ಲಿರೋದೆಲ್ಲ ಸರಿ ಇದೆಯಾ ಸ್ವಲ್ಪ ಚೆಕ್ ಮಾಡ್ತೀರಾ?’ ಎಂದು ಕೇಳಿದ್ದಳು. ಕೆಳಗೆ ‘ನಾರ್ವೆಗೆ ಹೋಗುವವರಿಗೆ ಹದಿನೈದು ಸಲಹೆಗಳು’ ಎಂಬ ತಲೆಬರಹ. ಬರೆದವರ ಹೆಸರಿರಲಿಲ್ಲ. ‘ಅನುಭವಸ್ಥರು ಬರೆದದ್ದು, ತಪ್ಪದೇ ಓದಿ’ ಎಂದು ಯಾರೋ ಮೇಲೊಂದು ಸಾಲು ಸೇರಿಸಿದ್ದರು.

ಆ ಅನುಭವಸ್ಥೆ ನಾನೇ. ಬೆರಳಿನಿಂದ ಸರಿಸುತ್ತ ನೇರ ಹನ್ನೊಂದಕ್ಕೆ ಹೋದೆ. ನಾನು ಮೊದಲು ಬರೆದಿದ್ದ ಹಾಗೆಯೇ ಇತ್ತು, ಒಂದಕ್ಷರ ಅತ್ತಿತ್ತ ಆಗದೆ. ‘ಕಾಲು ಜೋಮು ಹಿಡಿದರೆ ಗಾಬರಿ ಬೇಡ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ತಿಕ್ಕಿ.’

ಹನ್ನೊಂದನ್ನು ಅಳಿಸು ಎಂದು ನಾಝಿಯಾಗೆ ಬರೆದೆ. ಚಳಿಗೆ ಕಾಲು ಮರಗಟ್ಟಿದರೆ ತಿಕ್ಕಬೇಡಿ, ಬಿಸಿನೀರು, ಹೀಟರ್, ಬೆಂಕಿ ಯಾವುದರ ಹತ್ತಿರವೂ ಒಯ್ಯಬೇಡಿ, ಒಳಗೆ ಬಂದು ಒದ್ದೆ ಸಾಕ್ಸ್ ಬಿಚ್ಚಿ, ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಷ್ಟೇ ಮಾಡಿ ಎಂದು ಬರೆದೆ. ನಿನಗೆ ಕಳಿಸಿದವರಿಗೂ ಹೇಳು, ಅವರಿಗೆ ಕಳಿಸಿದವರಿಗೂ ಹೇಳಲು ಹೇಳು ಎಂದೆ. ‘ಓಕೆ ಆಂಟಿ, ಥ್ಯಾಂಕ್ಸ್’ ಎಂದಳು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಆ ವರ್ಷದ ಕಥೆಯನ್ನೆಲ್ಲ ಹೇಳಬೇಕಾಗುತ್ತಿತ್ತು. ಮೆಸೇಜಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಾರ್ವೆಗೆ ಹೋದದ್ದು ಒಂದೇ ಸಲ, ಮೂರು ವಾರಕ್ಕೆ, ಅದೂ ಮೇ ತಿಂಗಳಲ್ಲಿ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿರುವ ನಮ್ಮ ಆಫೀಸಿನವರು ಓಸ್ಲೋದ ಕ್ಲೈಂಟ್ ಹತ್ತಿರ ಕಳಿಸಿದ್ದರು. ಊಟ ಮುಗಿಸಿ ಹೊರಗೆ ಬಂದರೂ ಬೆಳಕು. ಜನ ತೋಳಿಲ್ಲದ ಅಂಗಿ ತೊಟ್ಟು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಹಿಮವನ್ನು ನೋಡಿದ್ದು ರೈಲಿನ ಕಿಟಕಿಯಿಂದ, ದೂರದ ಬೆಟ್ಟದ ನೆತ್ತಿಯಲ್ಲಿ. ಆದರೆ ಹಾಳೂರಿಗೆ ಉಳಿದವನೇ ಗೌಡ. ನಮ್ಮ ಕನ್ನಡದ ಗುಂಪಿನಲ್ಲಿ ಆ ದೇಶಕ್ಕೆ ಕಾಲಿಟ್ಟವಳು ನಾನೊಬ್ಬಳೇ ಆದ್ದರಿಂದ ಯಾರಿಗೆ ನಾರ್ವೆ ನೆನಪಾದರೂ ಫೋನು ನನಗೆ ಬರುತ್ತಿತ್ತು. ಸುಮಾ, ಎಷ್ಟು ಸ್ವೆಟರ್ ಬೇಕು? ಸುಮಾ, ಅಲ್ಲಿ ವೆಜ್ ಸಿಗುತ್ತಾ? ಹೇಳುವುದರಲ್ಲಿ ನನಗೂ ಒಂದು ರುಚಿ ಹತ್ತಿತು. ಗೊತ್ತಿಲ್ಲ ಎನ್ನುವ ಮಾತು ಮೊದಲಿನಿಂದಲೂ ನನ್ನ ಬಾಯಲ್ಲಿ ಬರುವುದಿಲ್ಲ. ಅದು ನಮ್ಮ ಮನೆತನದ ಗುಣ ಎಂದು ಅಮ್ಮ ನಗುತ್ತಿದ್ದಳು.

ಆ ವರ್ಷದ ಆಗಸ್ಟಿನಲ್ಲಿ, ನಮ್ಮ ಊರು ಮರ್ಫಿ ಬಾಣಲೆಯ ಹಾಗೆ ಕಾದಿದ್ದಾಗ, ಒಂದು ಶನಿವಾರ ಊಟದ ಮೇಜಿನ ಮುಂದೆ ಕೂತು ಹದಿನೈದು ಸಲಹೆ ಬರೆದೆ. ಹೊರಗೆ ಕಾರಿನ ಸ್ಟೇರಿಂಗ್ ಮುಟ್ಟುವಂತಿರಲಿಲ್ಲ. ಏಸಿ ಬಿಡುವಿಲ್ಲದೆ ಗೊರ್ ಅನ್ನುತ್ತಿತ್ತು. ನಾನು ಬೆವರು ಒರೆಸಿಕೊಳ್ಳುತ್ತ ಚಳಿಯ ಬಗ್ಗೆ ಬರೆದೆ. ಗುಂಪಿನ ಹಿರಿಯರಿಗೂ ಅರ್ಥವಾಗಲಿ ಎಂದು ಕನ್ನಡದಲ್ಲೇ ಬರೆದೆ. ಎಲ್ಲರೂ ತೆರೆದು ನೋಡುವಂಥ ಆನ್‌ಲೈನ್ ಡಾಕ್ಯುಮೆಂಟಿನಲ್ಲಿ ಹಾಕಿ, ಅದರ ಲಿಂಕನ್ನು ಗ್ರೂಪಿಗೆ ಕಳಿಸಿದೆ.

ಕೆಟ್ಟದಾಗೇನೂ ಬರೆದಿರಲಿಲ್ಲ. ವೀಸಾಕ್ಕೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ, ವಾಪಸ್ ಬರಲು ನಿಮ್ಮ ಅಮೆರಿಕದ ವೀಸಾ ಸ್ಟಾಂಪ್ ಚಾಲ್ತಿಯಲ್ಲಿದೆಯೇ ಮೊದಲು ನೋಡಿಕೊಳ್ಳಿ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ, ಹತ್ತಿಬಟ್ಟೆ ಬೆವರು ಕುಡಿದು ಒದ್ದೆಯಾದರೆ ಒಣಗುವುದಿಲ್ಲ. ಬೂಟು ಬಿಗಿಯಾಗಿರಬಾರದು. ಮಂಜುಗಡ್ಡೆಯ ಮೇಲೆ ನಡೆಯಲು ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಒಯ್ಯಿರಿ. ಉತ್ತರದಲ್ಲಿ ಚಳಿಗಾಲದ ನಡುವೆ ಸೂರ್ಯ ಹುಟ್ಟುವುದೇ ಇಲ್ಲ, ಕಾರಿನವರಿಗೆ ಕಾಣುವಂತೆ ಕೋಟಿಗೆ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ, ಅಲ್ಲಿನವರೂ ಕಟ್ಟಿಕೊಳ್ಳುತ್ತಾರೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಸಾಯುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಮೈಗೆ ತಾಗಿಸಿ ಇಟ್ಟುಕೊಳ್ಳಿ, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ.

ಇದನ್ನೆಲ್ಲ ಅಲ್ಲಿ ಇಲ್ಲಿ ಇಂಗ್ಲಿಷಿನಲ್ಲಿ ಹುಡುಕಿ, ಎರಡೆರಡು ಕಡೆ ತಾಳೆ ನೋಡಿ ಬರೆದೆ. ಹನ್ನೊಂದನೆಯದಕ್ಕೆ ಮಾತ್ರ ಏನನ್ನೂ ಹುಡುಕಲಿಲ್ಲ. ಕಾಲಿನ ಬಗ್ಗೆ ಒಂದು ಮಾತು ಇರಲಿ ಅನ್ನಿಸಿತು. ‘ಜೋಮು’ ಎಂಬ ಪದ ಬೆರಳಿಗೆ ಬಂತು, ಅದರ ಬಾಲ ಹಿಡಿದುಕೊಂಡು ಮದ್ದೂ ಬಂತು. ಮೈಸೂರಿನ ನಮ್ಮ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದರೆ ಅಜ್ಜಿ ಮಾಡುತ್ತಿದ್ದದ್ದು ಅದನ್ನೇ. ಬಿಸಿನೀರು, ತಿಕ್ಕುವುದು. ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದರೆ ಹಿಮಕ್ಕೆ ಸುಟ್ಟ ಕಾಲಿಗೆ ಇರುವ ಪದ ಬೇರೆ, ಅದರ ಹಿಂದೆ ಬರುವ ಎಚ್ಚರಿಕೆಯೂ ಬೇರೆ, ಹುಡುಕಿಯೇ ಹುಡುಕುತ್ತಿದ್ದೆ. ಕನ್ನಡದಲ್ಲಿ ಬರೆದಾಗ ನನಗೆಲ್ಲ ಗೊತ್ತಿದೆ ಅನ್ನಿಸಿಬಿಟ್ಟಿತು. ಇದಕ್ಕೆ ಭಾಷೆಯನ್ನು ದೂರುವುದು ಹೇಡಿತನ. ತಪ್ಪು ನನ್ನದೇ.

ಆ ಲಿಂಕನ್ನು ಮೊದಲು ತೆರೆದವರಲ್ಲಿ ಶಂಕರಣ್ಣ, ವಿಮಲಕ್ಕ ಇದ್ದರು. ಧಾರವಾಡದವರು. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಮನೆ. ಶಂಕರಣ್ಣ ಅಲ್ಲಿನ ಅನೇಕರ ಹಾಗೆ ಆಕಾಶಕ್ಕೆ ಹಾರಿಸುವ ಯಂತ್ರಗಳ ಇಂಜಿನಿಯರು. ಕಾಗದದಲ್ಲಿ ಬರೆದ ಕ್ರಮವನ್ನು ಬಿಟ್ಟು ಒಂದು ಸ್ಕ್ರೂ ಕೂಡ ತಿರುಗಿಸಿದವರಲ್ಲ. ‘ಪ್ರೊಸೀಜರ್ ಅಂದ್ರ ಪ್ರೊಸೀಜರ್’ ಎನ್ನುವುದು ಅವರ ಮಂತ್ರ. ಉಪ್ಪಿಟ್ಟು ಮಾಡಲು ನಿಂತರೂ ಹಾಗೆಯೇ ಎಂದು ವಿಮಲಕ್ಕ ಆಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಉತ್ತರ ಧ್ರುವದ ಹತ್ತಿರ ಆಕಾಶದಲ್ಲಿ ಆಡುವ ಹಸಿರು ಬೆಳಕನ್ನು ರಿಟೈರ್ ಆಗುವ ಮುಂಚೆ ಕಣ್ಣಾರೆ ನೋಡಬೇಕು ಎಂಬುದೊಂದೇ ಆಸೆ.

ವಿಮಲಕ್ಕನನ್ನು ನಾನು ಅಕ್ಕ ಎಂದು ಕರೆಯುವುದು ಬಾಯಿಮಾತಿಗಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾವು ಎರಡು ವರ್ಷ ಹ್ಯೂಸ್ಟನ್ನಿನಲ್ಲಿದ್ದೆವು. ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ವಿಮಲಕ್ಕ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಎರಡು ತಿಂಗಳು ಬಾಣಂತನ ಮಾಡಿದರು. ದಿನಾ ಬೆಳಿಗ್ಗೆ ನೀರು ತೋಡಿ, ಮೊಣಕೈ ಅದ್ದಿ ನೋಡಿ, ‘ಇದು ನಿನಗ, ಇದು ಕೂಸಿಗ’ ಎಂದು ಬೇರೆ ಬೇರೆ ಬಕೆಟ್ಟು ಹದ ಮಾಡುತ್ತಿದ್ದರು. ಅವರ ಕೈಯ ಹದ ಒಂದು ದಿನವೂ ತಪ್ಪಿದ್ದಿಲ್ಲ. ನನ್ನ ಸ್ವಂತ ಅಕ್ಕ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಜನವರಿಯಲ್ಲಿ ಅವರಿಬ್ಬರೇ ಹೊರಟರು. ಓಸ್ಲೋದಿಂದ ಉತ್ತರಕ್ಕೆ, ಟ್ರೊಮ್ಸೊ ಎಂಬ ಊರಿಗೆ. ನನ್ನ ಸಲಹೆಯಲ್ಲಿದ್ದ ಸಾಮಾನಿಗೆಲ್ಲ ಶಂಕರಣ್ಣ ಒಂದೊಂದಾಗಿ ಟಿಕ್ ಹಾಕಿದ್ದರಂತೆ. ಮೂರನೇ ದಿನ ನಾನು ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುತ್ತಿದ್ದಾಗ ವಿಮಲಕ್ಕನ ವಿಡಿಯೋ ಕಾಲ್ ಬಂತು. ನನಗೆ ಬೆಳಿಗ್ಗೆ, ಅವರಿಗೆ ಸಂಜೆ.

‘ನಿನ್ನೆ ನೋಡಿದ್ವಿ ಸುಮಾ. ಐದು ಗಂಟೇಕ್ಕ ಶುರುವಾತು. ಹಸಿರು ಸೀರಿ ಝಾಡಿಸಿದಂಗ. ಇವರು ಹಿಮದಾಗ ನಿಂತವರು ನಿಂತಂಗ ಇದ್ರು, ಎರಡು ತಾಸು. ಒಳಗ ಬರ್ರೀ ಅಂದ್ರ ಕೇಳಲಿಲ್ಲ.’

‘ಆಹಾ, ಪುಣ್ಯ ಮಾಡಿದೀರ’ ಎಂದೆ.

‘ಕಾಲು ಜೋಮು ಹಿಡದಿತ್ತು. ಅವರಿಗೆ ಜೋಮೇನು ಹೊಸಾದು, ದಿನಾ ಇರೂದ. ನೀ ಬರದಂಗ ಮಾಡಿದ್ವಿ. ಈಗ ನೋಡಿದ್ರ ಬೊಬ್ಬಿ ಎದ್ದಾವ. ಬೆರಳು ಕಪ್ಪಗ ಕಾಣಸ್ತಾವ.’ ಕ್ಯಾಮೆರಾ ತಿರುಗಿಸಿ ತೋರಿಸಿದರು. ಎಡಗಾಲಿನ ಬೆರಳುಗಳ ಮೇಲೆ ನೀರು ತುಂಬಿದ ದೊಡ್ಡ ಗುಳ್ಳೆಗಳು. ಹಿಂದಿನಿಂದ ಶಂಕರಣ್ಣ, ‘ನೋವಿಲ್ಲಬೇ, ಸುಮ್ನ ಹೆದರಸಬ್ಯಾಡ ಆಕಿನ್ನ’ ಎಂದರು. ಕೂಡಲೇ ಅಲ್ಲಿನ ಡಾಕ್ಟರಿಗೆ ತೋರಿಸಿ ಎಂದು ನಾನು ಹೇಳಿದೆ. ‘ನೀ ಬರದಂಗ’ ಎಂಬ ಮಾತು ಕಿವಿಗೆ ಬಿದ್ದಿತ್ತು. ಅದನ್ನು ಅಲ್ಲೇ ಬಿಟ್ಟು ಲಿಫ್ಟ್ ಹತ್ತಿ ಮೀಟಿಂಗಿಗೆ ಹೋದೆ.

ಅಲ್ಲಿನ ಕ್ಲಿನಿಕ್ಕಿನಲ್ಲಿ ಬ್ಯಾಂಡೇಜು ಕಟ್ಟಿ, ಊರಿಗೆ ಹೋದಕೂಡಲೇ ಆಸ್ಪತ್ರೆಗೆ ಸೇರಬೇಕು ಎಂದರಂತೆ. ಹ್ಯೂಸ್ಟನ್ನಿಗೆ ಬಂದು ಇಳಿಯುವ ಹೊತ್ತಿಗೆ ಜ್ವರ. ಏರ್‌ಪೋರ್ಟಿನಿಂದ ನೇರ ಆಸ್ಪತ್ರೆಗೆ. ಫೆಬ್ರವರಿ ಮೊದಲ ವಾರ ನಾನು ರಜೆ ಹಾಕಿ, ಅನ್ನ ಸಾರು ಕಟ್ಟಿಕೊಂಡು ಐದು ಗಂಟೆ ಡ್ರೈವ್ ಮಾಡಿ ಹೋದೆ. ದಾರಿಯುದ್ದಕ್ಕೂ ಬೂದುಬಣ್ಣದ ಆಕಾಶ, ಹನಿಹನಿ ಮಳೆ.

ನಾನು ಕೋಣೆಯಲ್ಲಿದ್ದಾಗಲೇ ಡಾಕ್ಟರು ಬಂದರು. ವಯಸ್ಸಾದ ಹೆಂಗಸು, ಮಾತು ಮೆತ್ತಗೆ. ಗಾಯ ಬರೀ ಹಿಮದ್ದಲ್ಲ, ಸುಟ್ಟದ್ದೂ ಇದೆ, ತಿಕ್ಕಿ ಕಿತ್ತುಹೋದದ್ದೂ ಇದೆ ಎಂದರು. ಇಷ್ಟು ವರ್ಷದ ಸಕ್ಕರೆ ಕಾಯಿಲೆಯ ಕಾಲಿಗೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ, ಮರಗಟ್ಟಿದ ಮೇಲಂತೂ ಇನ್ನೂ ಇಲ್ಲ ಎಂದು ವಿವರಿಸಿದರು. ಆಮೇಲೆ ಬಿಸಿನೀರಿನಲ್ಲಿ ಇಟ್ಟವರು ಯಾರು ಎಂದು ಕೇಳಿದರು. ಆ ದನಿಯಲ್ಲಿ ದೂರೇನೂ ಇರಲಿಲ್ಲ, ಫೈಲಿಗೆ ಬರೆದುಕೊಳ್ಳಲು ಕೇಳಿದ್ದು.

‘ಐ ಡಿಡ್’ ಎಂದರು ವಿಮಲಕ್ಕ. ನನ್ನ ಕಡೆ ನೋಡಲೂ ಇಲ್ಲ.

ಬಾಯಿ ತೆರೆಯಬೇಕಾಗಿದ್ದದ್ದು ಆಗ. ನಾನು ಬರೆದುಕೊಟ್ಟಿದ್ದೆ, ಅವರು ಓದಿ ಮಾಡಿದರು ಎಂದರೆ ಮುಗಿಯುತ್ತಿತ್ತು. ಕಾಫಿ ತರುತ್ತೇನೆ ಎಂದು ಎದ್ದು, ಕಾಫಿಗೆ ಹೋಗದೆ ಕೆಳಗೆ ಪಾರ್ಕಿಂಗಿಗೆ ಇಳಿದೆ. ಕಾರಿನಲ್ಲಿ ಕೂತು ಫೋನಿನಲ್ಲಿ ಆ ಡಾಕ್ಯುಮೆಂಟು ತೆರೆದೆ. ಹನ್ನೊಂದನ್ನು ಅಳಿಸಿ ಹೊಸದಾಗಿ ಬರೆದೆ. ‘ಕಾಲು ಮರಗಟ್ಟಿದರೆ ತಿಕ್ಕಬೇಡಿ. ಉಗುರುಬೆಚ್ಚಗಿನ ನೀರು ಮಾತ್ರ. ತಕ್ಷಣ ಡಾಕ್ಟರಿಗೆ ತೋರಿಸಿ.’ ಇನ್ನೊಬ್ಬರಿಗೆ ಹೀಗಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ಹಾಗಿದ್ದರೆ, ಮೊದಲು ಬರೆದದ್ದು ತಪ್ಪು, ಈಗ ತಿದ್ದಿದ್ದೇನೆ ಎಂದು ಗ್ರೂಪಿಗೆ ಒಂದು ಸಾಲು ಹಾಕಬೇಕಿತ್ತು. ಹಾಕಲಿಲ್ಲ, ಅಷ್ಟರಲ್ಲಿ ಮೊದಲಿನದನ್ನು ನಕಲು ಮಾಡಿ ಹಂಚಿದ್ದವರಿಗೆ ತಿಳಿಯಲೂ ಇಲ್ಲ. ಕಾಫಿ ತೆಗೆದುಕೊಂಡು ಮೇಲೆ ಹೋದೆ. ‘ಯಾಕ ಇಷ್ಟೊತ್ತು?’ ಎಂದು ವಿಮಲಕ್ಕ ಕೇಳಿದಾಗ ಸಾಲು ಉದ್ದ ಇತ್ತು ಎಂದೆ.

ಆ ತಿಂಗಳು ಎರಡು ಬೆರಳು ತೆಗೆದರು. ಏಪ್ರಿಲ್ ಹೊತ್ತಿಗೆ ಕೀವು ಮೇಲೇರಿ, ಪಾದದ ಮುಂದಿನ ಅರ್ಧವನ್ನೇ ತೆಗೆದರು. ಶಂಕರಣ್ಣ ರಿಟೈರ್ ಆಗುವ ಮುಂಚೆಯೇ ಮನೆಯಲ್ಲಿ ಕೂತರು. ಅವರ ನಗೆಚಾಟಿಕೆ ನಿಂತಿರಲಿಲ್ಲ. ಬೂಟಿನ ನಂಬರು ಎರಡು ಇಳಿಯಿತು ಎನ್ನುತ್ತಿದ್ದರು. ಬಂದವರು ನಕ್ಕು, ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಪ್ರೀತಿಯಿಂದ ಎಷ್ಟೋ, ಭಯದಿಂದ ಎಷ್ಟೋ, ಈಗ ಬೇರ್ಪಡಿಸಿ ಹೇಳಲಾರೆ. ಜೂನಿನಲ್ಲಿ ಹೋದಾಗ ಅಡುಗೆಮನೆಯಲ್ಲಿ ವಿಮಲಕ್ಕ ಕಾಫಿ ಸೋಸುತ್ತಿದ್ದರು. ಲೋಟಕ್ಕೆ ಸುರಿದು, ಮಾಂಸ ಬೇಯಿಸುವವರು ಇಟ್ಟುಕೊಳ್ಳುವಂಥ ಸೂಜಿಯ ಥರ್ಮಾಮೀಟರನ್ನು ಅದರಲ್ಲಿ ಅದ್ದಿದರು. ಅಂಕೆ ನಿಲ್ಲುವವರೆಗೆ ಕಾದು ನನ್ನ ಕೈಗೆ ಕೊಟ್ಟರು. ಸಾರಿಗೂ ಅದೇ, ಸ್ನಾನದ ನೀರಿಗೂ ಅದೇ. ಸಿಂಕಿನ ಪಕ್ಕ ಅಂಥವು ಮೂರು ಇದ್ದವು.

‘ವಿಮಲಕ್ಕ, ಇದೆಲ್ಲ ಯಾಕೆ? ನಿಮ್ಮ ಕೈ ಹದ ನಂಗೊತ್ತಿಲ್ವಾ?’

‘ಕೈ ಮ್ಯಾಲ ಭರವಸಿ ಹೋಗ್ಯದವಾ. ಕಣ್ಣಿನ ಮ್ಯಾಲೂ.’ ಅವರು ಫೋನು ತೆಗೆದು ಡಾಕ್ಯುಮೆಂಟು ತೋರಿಸಿದರು. ‘ನೋಡು. ಉಗುರುಬೆಚ್ಚಗ ಅಂತ ಬರದೀ ನೀ. ತಿಕ್ಕಬ್ಯಾಡ್ರಿ ಅಂತ ಬರದೀ. ನಾ ಅದನ್ನ ಬಿಸಿನೀರು ಅಂತ ಓದೇನಿ. ತಿಕ್ಕರಿ ಅಂತ ಓದೇನಿ. ಅಲ್ಲಿ ಕೂತು ಓದಿದ್ದು ಇವತ್ತೂ ಕಣ್ಮುಂದ ಅದ. ಬಿಸಿನೀರು ಅಂತ ಅಕ್ಷರ ಕಾಣಸ್ತಾವ ನನಗ. ಇಲ್ಲದ್ದು ಹೆಂಗ ಕಾಣಸ್ತು?’

ಒಳಗಿನ ಕೋಣೆಯಿಂದ ಶಂಕರಣ್ಣ, ‘ಅವತ್ತ ರಾತ್ರಿ ನನಗ ಕನ್ನಡಕ ಸಿಗಲಿಲ್ಲ. ಓದಿ ಹೇಳು ಅಂದೆ, ಇಕಿ ಹೇಳಿದ್ದು ಮಾಡ್ದೆ’ ಎಂದರು. ತಮಾಷೆಗೆ ಹೇಳಿದ್ದೇ ಇರಬೇಕು. ವಿಮಲಕ್ಕನ ಮುಖ ಸಣ್ಣಗಾಯಿತು.

ನಾನು ಏನು ಹೇಳಿದೆ ಎಂದರೆ, ‘ಹೋಗ್ಲಿ ಬಿಡಿ ವಿಮಲಕ್ಕ, ಗಾಬರೀಲಿ ಹಾಗಾಗುತ್ತೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹನ್ನೊಂದನೆಯ ಸಾಲು ತಿಳಿಯದೆ ಮಾಡಿದ ತಪ್ಪು. ಪಾರ್ಕಿಂಗಿನಲ್ಲಿ ಮಾಡಿದ್ದು ಹೆದರಿ ಮಾಡಿದ್ದು ಎಂದುಕೊಳ್ಳಬಹುದು. ಜೂನಿನ ಈ ಮಾತಿಗೆ ಯಾವ ನೆವವೂ ಇಲ್ಲ. ಎದುರಿಗೆ ನಿಂತು, ಅವರು ಕೊಟ್ಟ ಕಾಫಿ ಕುಡಿಯುತ್ತ, ನಿಮ್ಮ ಕಣ್ಣೇ ನಿಮಗೆ ಮೋಸ ಮಾಡಿತು ಎಂದು ಹೇಳಿದ್ದೆ.

ಮರ್ಫಿಗೆ ವಾಪಸ್ ಬಂದು ನನ್ನ ಗಂಡ ಪ್ರಕಾಶನಿಗೆ ಎಲ್ಲವನ್ನೂ ಹೇಳಿದೆ. ಅವನು ಕೆಟ್ಟವನಲ್ಲ, ಜಾಗರೂಕ. ಬಹಳ ಹೊತ್ತು ಗ್ಯಾರೇಜಿನಲ್ಲಿ ಏನೋ ಎತ್ತಿಡುತ್ತಿದ್ದು, ಕೊನೆಗೆ ಒಳಗೆ ಬಂದ.

‘ಈ ದೇಶದಲ್ಲಿ ಇಂಥದ್ದನ್ನೆಲ್ಲ ಬಾಯ್ಬಿಟ್ಟು ಒಪ್ಕೋಬಾರ್ದು ಸುಮಾ. ಅವರು ಕೇಸ್ ಹಾಕಲ್ಲ, ಗೊತ್ತು. ಇನ್ಶೂರೆನ್ಸಿನವರು ಕೆದಕಿದ್ರೆ?’

‘ಅವರಿಗೆ ಹುಚ್ಚು ಹಿಡಿಯೋ ಹಾಗಿದೆ ಪ್ರಕಾಶ್.’

‘ಸ್ವಲ್ಪ ದಿನ ಹೋಗ್ಲಿ. ಮರೀತಾರೆ.’

ನನಗೂ ಬೇಕಾಗಿದ್ದದ್ದು ಅದೇ ಮಾತು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಆ ಎರಡು ತಿಂಗಳು ನಾನು ಕ್ಲಿಯರ್ ಲೇಕಿಗೆ ಹೋಗಲಿಲ್ಲ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ ಎಂದು ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ಮಗಳು ಡಿಶ್‌ವಾಶರಿನಿಂದ ಪಾತ್ರೆ ತೆಗೆಯುವ ಸದ್ದಿಗೂ ಬೆಚ್ಚುತ್ತಿದ್ದೆ. ವಿಮಲಕ್ಕ ಮರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಅವರ ಮಗಳು ಶ್ರುತಿ ಆಸ್ಟಿನ್ನಿನಿಂದ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲೇ.

‘ಅಮ್ಮ ಈಸ್ ನಾಟ್ ಓಕೆ, ಆಂಟಿ. ಶೀ ಥಿಂಕ್ಸ್ ಶೀ ಈಸ್ ಲೂಸಿಂಗ್ ಹರ್ ಮೈಂಡ್.’

ಅವಳು ಹೇಳಿದ್ದರ ಸಾರ ಇಷ್ಟು. ವಿಮಲಕ್ಕ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ, ಸಿಗ್ನಲ್ಲಿನ ಬಣ್ಣ ತಪ್ಪಾಗಿ ಕಂಡರೆ ಎಂದು. ಗಂಡನ ಮಾತ್ರೆಗಳನ್ನು ಮೂರು ಸಲ ಎಣಿಸಿ, ಫೋಟೋ ತೆಗೆದು, ಸರಿ ಇದೆಯೇ ಎಂದು ಮಗಳಿಗೆ ಕಳಿಸುತ್ತಾರೆ. ಅವರ ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ತನಗೂ ಅದು ಅಂಟಿಕೊಂಡಿದೆ, ನಾರ್ವೆಯಲ್ಲೇ ಶುರುವಾಗಿತ್ತು ಎಂದು ಅವರ ನಂಬಿಕೆ. ತಾವಾಗಿಯೇ ನೆನಪಿನ ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ ಹೋಗಿದ್ದಾರೆ. ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಅಳುತ್ತ ಕೂತರಂತೆ.

‘ಶೀ ಲಿಸನ್ಸ್ ಟು ಯೂ, ಆಂಟಿ. ಪ್ಲೀಸ್ ಟಾಕ್ ಟು ಹರ್’ ಎಂದಳು ಶ್ರುತಿ.

ಆ ಶನಿವಾರ ಬೆಳಿಗ್ಗೆ ಹೊರಟೆ. ಪ್ರಕಾಶನಿಗೆ ಹೇಳಿದೆ, ಅವನು ಬೇಡ ಎನ್ನಲಿಲ್ಲ, ಟೈರಿನ ಗಾಳಿ ನೋಡಿಕೊಟ್ಟ. ಐದು ಗಂಟೆಯ ದಾರಿಯಲ್ಲಿ ಹೇಳಬೇಕಾದ್ದನ್ನು ಹತ್ತು ಥರ ಜೋಡಿಸಿದೆ. ಕ್ಷಮಿಸಿ ಎಂದು ಶುರು ಮಾಡಲೋ, ನಿಮ್ಮ ತಲೆಗೆ ಏನೂ ಆಗಿಲ್ಲ ಎಂದು ಶುರು ಮಾಡಲೋ. ಹ್ಯೂಸ್ಟನ್ ಹತ್ತಿರ ಬಂದಂತೆ ಹಬೆಯಂಥ ಸೆಕೆ ಕಾರಿನ ಗಾಜಿಗೆ ಕಟ್ಟಿಕೊಂಡಿತು. ಅವರ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಇಳಿಯಲಿಲ್ಲ.

ವಿಮಲಕ್ಕ ಸಣ್ಣಗಾಗಿದ್ದರು. ‘ಈಗ ನೆನಪಾತೇನು ನಿನಗ?’ ಎಂದು ಬೈದು ಒಳಗೆ ಕರೆದರು. ಶಂಕರಣ್ಣ ಟೀವಿಯ ಮುಂದೆ ಕಾಲು ಮೇಲಿಟ್ಟುಕೊಂಡು ಕೂತಿದ್ದರು. ಊಟದ ಮೇಜಿನ ಮೇಲೆ ಒಂದು ನೋಟ್‌ಬುಕ್ಕಿತ್ತು. ದಿನವೂ ಬೆಳಿಗ್ಗೆ ಎದ್ದಕೂಡಲೇ ಹಿಂದಿನ ದಿನ ಏನೇನಾಯಿತು ಎಂದು ಅದರಲ್ಲಿ ಬರೆಯುತ್ತಾರಂತೆ. ಯಾವುದು ಬಿಟ್ಟುಹೋಗುತ್ತದೆ ನೋಡಬೇಕು ಎಂದು.

ಜೋಡಿಸಿಕೊಂಡಿದ್ದ ಮಾತೆಲ್ಲ ಹೋಯಿತು. ನಿಂತುಕೊಂಡೇ ಹೇಳಿದೆ.

‘ವಿಮಲಕ್ಕ, ನೀವು ಓದಿದ್ದು ಸರಿ. ಬಿಸಿನೀರು ಅಂತಲೇ ಇತ್ತು. ತಿಕ್ಕಿ ಅಂತಲೇ ಇತ್ತು. ನಾನು ಆಮೇಲೆ ಬದಲಾಯಿಸಿದೆ.’

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ‘ಆಮ್ಯಾಲ ಅಂದ್ರ?’

‘ಡಾಕ್ಟರ್ ಬಂದು ಕೇಳಿದ ದಿನ. ಕೆಳಗೆ ಪಾರ್ಕಿಂಗಿನಲ್ಲಿ ಕೂತು.’

‘ಕಾಫಿ ತರತೇನಿ ಅಂತ ಹೋಗಿದ್ದೆಲ್ಲ, ಆವಾಗ?’

‘ಹ್ಞೂಂ.’

‘ಜೂನ್‌ದಾಗ ನಾ ತೋರಿಸಿ ಕೇಳಿದಾಗ ಗೊತ್ತಿತ್ತು ನಿನಗ.’

‘ಗೊತ್ತಿತ್ತು.’

ಶಂಕರಣ್ಣ ಟೀವಿಯ ದನಿ ಇಳಿಸಿದರು. ವಿಮಲಕ್ಕ ಕುರ್ಚಿಯನ್ನು ಹಿಂದಕ್ಕೆ ಎಳೆದು ಕೂತರು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿ, ಅವು ಯಾರದೋ ಎಂಬಂತೆ ನೋಡುತ್ತಿದ್ದರು. ನಾನು ತಪ್ಪಾಯ್ತು ಎಂದೆ, ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

‘ಹಂಗಾರ ನನ್ನ ತಲಿ ಸರಿ ಅದ’ ಎಂದರು. ನನಗೆ ಹೇಳಿದ್ದಲ್ಲ.

ಆಮೇಲೆ ಗಂಡನ ಕಡೆ ತಿರುಗಿ ಗಟ್ಟಿಯಾಗಿ, ‘ಕೇಳಿದ್ರೇನ್ರೀ? ನಾ ಓದಿದ್ದು ಖರೇನ ಇತ್ತಂತ’ ಎಂದರು.

‘ಕೇಳ್ದೆ’ ಎಂದರು ಶಂಕರಣ್ಣ. ರಿಮೋಟು ಕೆಳಗಿಟ್ಟು, ‘ನಾ ಸುದ್ದಾ ನಿನ್ನ ನಂಬಲಿಲ್ಲಲ್ಲಬೇ’ ಎಂದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

ವಿಮಲಕ್ಕ ಎದ್ದು ಶ್ರುತಿಗೆ ಫೋನ್ ಮಾಡಿದರು. ನನ್ನ ಹೆಸರು ಎತ್ತಲಿಲ್ಲ. ‘ಮುಂದಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡು. ನನಗೇನೂ ಆಗಿಲ್ಲ. ಆಮ್ಯಾಲ ಹೇಳತೇನಿ’ ಎಂದಿಷ್ಟೇ. ಎಂಟು ತಿಂಗಳಲ್ಲಿ ಅವರ ಮುಖದಲ್ಲಿ ಸಮಾಧಾನ ಕಂಡದ್ದು ಅದೇ ಮೊದಲು, ಅದನ್ನು ನಾನು ಪಕ್ಕದಿಂದ ನೋಡುತ್ತ ನಿಂತಿದ್ದೆ. ಕೂತುಕೋ ಎಂದು ಯಾರೂ ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗಿನ್ನು ಅಲ್ಲಿ ಕೆಲಸವಿರಲಿಲ್ಲ.

ಬ್ಯಾಗು ತೆಗೆದುಕೊಂಡೆ. ವಿಮಲಕ್ಕ ಬಾಗಿಲವರೆಗೂ ಬಂದರು, ಆ ಮನೆಯ ಮರ್ಯಾದೆ ಅದು. ಬಾಣಂತಿಯಾಗಿ ಆ ಮನೆಗೆ ಬಂದ ದಿನದಿಂದ ನನ್ನನ್ನು ಏಕವಚನ ಬಿಟ್ಟು ಮಾತಾಡಿಸಿದವರಲ್ಲ ಅವರು. ಪ್ರತಿ ಸಲ ‘ಹೋಗಿ ಬಾ, ಮುಟ್ಟಿದ ಮ್ಯಾಲ ಫೋನ್ ಮಾಡು’ ಎಂದು ಹೇಳಿ, ಕಾರು ತಿರುಗುವವರೆಗೂ ನಿಂತಿರುತ್ತಿದ್ದರು.

‘ಬರ್ತೀನಿ ವಿಮಲಕ್ಕ’ ಎಂದೆ.

‘ಹೋಗ್ರಿ’ ಎಂದರು.